ಇ-ಬೈಕ್‌ನ ಪವರ್ ಮೀಟರ್, ಎರಡು ವರ್ಷದ ಬಳಕೆಯ ನಂತರ: ಶಂಟ್ ನಂಬಬಹುದು, ಮ್ಯಾಗ್ನೆಟ್ ನಂಬಬೇಡಿ

ಕರೆಂಟ್, ವೋಲ್ಟೇಜ್ ತೋರಿಸುವುದರಲ್ಲಿ ಈ ಮೀಟರ್ ಮೇಲೆ ಒಂದೇ ಒಂದು ದೂರಿಲ್ಲ. ಎರಡು ವರ್ಷದಲ್ಲಿ ತಲೆ ತಿಂದದ್ದೆಲ್ಲ ಚಕ್ರದ ಕಡ್ಡಿಗೆ ಬಿಗಿಯುವ ಬಟಾಣಿ ಗಾತ್ರದ ಮ್ಯಾಗ್ನೆಟ್. ಅದು ಒಂಚೂರು ಜರುಗಿದರೆ ಸ್ಪೀಡ್ ತಪ್ಪುವುದಷ್ಟೇ ಅಲ್ಲ, ಕಿಲೋಮೀಟರಿಗೆ ಎಷ್ಟು ವಾಟ್-ಅವರ್ ಖರ್ಚಾಯಿತು ಎಂಬ ಲೆಕ್ಕವೂ ಕೆಡುತ್ತದೆ. ಈ ಮೀಟರ್ ಹಾಕಿಸುವುದೇ ಆ ಒಂದು ಅಂಕಿಗೋಸ್ಕರ.

ಬೈಕ್ 48 ವೋಲ್ಟ್‌ನದು, 13 ಸೆಲ್ ಸರಣಿಯ ಪ್ಯಾಕ್, ಹಿಂದಿನ ಚಕ್ರದಲ್ಲಿ ಗೇರ್ ಇರುವ ಹಬ್ ಮೋಟರ್, 26 ಇಂಚಿನ ಚಕ್ರ. ಮೀಟರ್ ಹೊರಗಿನ ಶಂಟ್ ಇರುವ ಬಗೆಯದು. ಶಂಟ್ ಅಂದರೆ ಬ್ಯಾಟರಿಯ ಕರೆಂಟ್ ಹರಿದುಹೋಗುವ ತೀರ ಕಡಿಮೆ ರೆಸಿಸ್ಟೆನ್ಸಿನ ಲೋಹದ ತುಂಡು, ಅದರ ಮೇಲೆ ಬೀಳುವ ವೋಲ್ಟೇಜ್ ನೋಡಿ ಮೀಟರ್ ಕರೆಂಟ್ ಲೆಕ್ಕ ಹಾಕುತ್ತದೆ. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಗರಿಷ್ಠ ವೋಲ್ಟೇಜ್. 48 ವೋಲ್ಟ್ ಎಂದು ಕರೆಯುವ ಪ್ಯಾಕ್ ಪೂರ್ತಿ ಚಾರ್ಜ್ ಆದಾಗ 54.6 ವೋಲ್ಟ್ ಇರುತ್ತದೆ, 60 ವೋಲ್ಟ್ ಮಿತಿಯ ಮೀಟರ್ ಸಾಕು. 14 ಸೆಲ್‌ನ ಪ್ಯಾಕ್ ಆದರೆ 58.8ಕ್ಕೆ ಹೋಗುತ್ತದೆ. ಅದರ ಮೇಲೆ ರೀಜೆನ್ ಬ್ರೇಕೂ (ಬ್ರೇಕ್ ಹಿಡಿದಾಗ ಮೋಟರ್ ಬ್ಯಾಟರಿಗೆ ಕರೆಂಟ್ ವಾಪಸ್ ತುಂಬುವ ವ್ಯವಸ್ಥೆ) ಇದ್ದರೆ 60ರ ಮೀಟರ್ ಸುಟ್ಟೇ ಹೋದೀತು, ಆ ಸಾಹಸ ಬೇಡ.

ಶಂಟ್ ಕೂರಬೇಕಾದ ಜಾಗ ಬ್ಯಾಟರಿಯ ನೆಗೆಟಿವ್ ಮತ್ತು ಕಂಟ್ರೋಲರಿನ (ಮೋಟರಿಗೆ ಕರೆಂಟ್ ಹದಮಾಡಿ ಕೊಡುವ ಪೆಟ್ಟಿಗೆಯ) ನೆಗೆಟಿವ್ ನಡುವೆ. ಲೈಟ್‌ಗೆ ಬೇರೆ ಕನ್ವರ್ಟರ್ ಇದ್ದರೆ ಅದರ ನೆಗೆಟಿವನ್ನೂ ಶಂಟ್ ದಾಟಿದ ಮೇಲೆ ಕಂಟ್ರೋಲರ್ ಕಡೆಗೇ ಸೇರಿಸಬೇಕು, ಇಲ್ಲವಾದರೆ ಲೈಟ್ ತಿಂದ ಕರೆಂಟ್ ಲೆಕ್ಕಕ್ಕೇ ಬರುವುದಿಲ್ಲ. ಸಾಮಾನ್ಯವಾಗಿ ಸಿಗುವ 100 ಆಂಪಿಯರ್, 75 ಮಿಲಿವೋಲ್ಟ್ ಶಂಟ್‌ನ ರೆಸಿಸ್ಟೆನ್ಸ್ 0.75 ಮಿಲಿಓಮ್. 20 ಆಂಪಿಯರ್ ಹರಿದಾಗ ಅದರ ಮೇಲೆ ಬೀಳುವುದು 15 ಮಿಲಿವೋಲ್ಟ್ ಮಾತ್ರ, ನಷ್ಟವಾಗುವುದು 0.3 ವಾಟ್. ಹಾಗಾಗಿ ಬಿಸಿಯ ಚಿಂತೆ ಬೇಡ.

ಆದರೆ ಅಳೆಯುವ ಸಿಗ್ನಲ್ ಇಷ್ಟು ಸಣ್ಣದಾದ್ದರಿಂದಲೇ ವೈರ್ ಎಲ್ಲಿಂದ ತೆಗೆಯುತ್ತೀರಿ ಎಂಬುದು ಮುಖ್ಯ. ಎರಡು ಸೆನ್ಸ್ ವೈರ್‌ಗಳು ಶಂಟ್‌ನ ಮೈಮೇಲಿರುವ ಸಣ್ಣ ಸ್ಕ್ರೂಗಳಿಂದಲೇ ಹೊರಡಬೇಕು. ಕೈಗೆ ಸುಲಭವಾಗಿ ಸಿಗುತ್ತದೆಂದು ದಪ್ಪ ಕೇಬಲ್‌ನ ಸಿಪ್ಪೆ ಸುಲಿದು ಶಂಟ್‌ನಿಂದ 3 ಸೆಂಟಿಮೀಟರ್ ಆಚೆ ಬೆಸುಗೆ ಹಾಕಿದರೆ ಏನಾಗುತ್ತದೆ ನೋಡಿ. 12 ಗೇಜ್ ತಾಮ್ರದ ವೈರ್‌ನ ರೆಸಿಸ್ಟೆನ್ಸ್ ಒಂದು ಮೀಟರ್ ಉದ್ದಕ್ಕೆ ಸುಮಾರು 5.2 ಮಿಲಿಓಮ್. ಅಂದರೆ ಆ 3 ಸೆಂಟಿಮೀಟರ್ ತುಂಡು 0.15 ಮಿಲಿಓಮ್ ಸೇರಿಸುತ್ತದೆ. 0.75ರ ಮುಂದೆ ಅದು ಶೇ. 20. ನಿಜವಾಗಿ 20 ಆಂಪಿಯರ್ ಹರಿಯುತ್ತಿದ್ದರೆ ಮೀಟರ್ 24 ಎನ್ನುತ್ತದೆ. ಹೀಗೆ ತಪ್ಪಿದ್ದು ಗೊತ್ತಾದರೆ ಬೆಸುಗೆ ಬಿಚ್ಚಿ ಸರಿಮಾಡುವುದೇ ಒಳ್ಳೆಯದು. ಆಗದಿದ್ದರೆ ವೈರನ್ನು ಬಳಸಿ ಹಿಡಿದು ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರಿನಲ್ಲಿ ನಿಜವಾದ ಕರೆಂಟ್ ನೋಡಿ, ಸೆಟ್ಟಿಂಗ್‌ನಲ್ಲಿರುವ ಶಂಟ್‌ನ ರೆಸಿಸ್ಟೆನ್ಸ್ ಅಂಕಿಯನ್ನು ಮೀಟರ್ ತೋರಿಸಿದ ಅಂಕಿಯಿಂದ ಗುಣಿಸಿ, ನಿಜವಾದ ಅಂಕಿಯಿಂದ ಭಾಗಿಸಿ: 0.75 × 24 ÷ 20, ಅಂದರೆ 0.90. ಆದರೂ ತಾಮ್ರ ಬಿಸಿಯಾದಂತೆ ರೆಸಿಸ್ಟೆನ್ಸ್ ಏರುತ್ತದೆ, ಶಂಟ್‌ನ ಮಿಶ್ರಲೋಹದ್ದು ಹಾಗೆ ಏರುವುದಿಲ್ಲ. ಬೇಸಿಗೆಯಲ್ಲಿ ಸರಿಹೊಂದಿಸಿದ್ದು ಚಳಿಯಲ್ಲಿ ಸ್ವಲ್ಪ ತಪ್ಪುವುದು ಇದಕ್ಕೇ.

ಸೆನ್ಸ್ ವೈರ್‌ಗಳನ್ನು ಜಡೆಯ ಹಾಗೆ ಒಂದಕ್ಕೊಂದು ಹೆಣೆದು, ಕಂಟ್ರೋಲರಿನಿಂದ ಮೋಟರಿಗೆ ಹೋಗುವ ಮೂರು ದಪ್ಪ ಫೇಸ್ ವೈರ್‌ಗಳಿಂದ ದೂರ ಎಳೆಯಿರಿ. ಮೀಟರಿಗೆ ಪವರ್ ಕೊಡುವ ತೆಳುವಾದ ಪಾಸಿಟಿವ್ ವೈರ್‌ಗೆ ಬ್ಯಾಟರಿಯ ಹತ್ತಿರವೇ 1 ಆಂಪಿಯರ್ ಫ್ಯೂಸ್ ಹಾಕಿ. ಹ್ಯಾಂಡಲ್ ತಿರುಗುವ ಜಾಗದಲ್ಲಿ ಉಜ್ಜಿ ಸಿಪ್ಪೆ ಕಿತ್ತುಹೋಗುವುದು ಇದೇ ವೈರ್. ಇನ್ನೊಂದು ಅಪಾಯದ ಬಗ್ಗೆ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಬರೆದಿರುವುದಿಲ್ಲ. ಮೀಟರಿನ ಗ್ರೌಂಡ್ ಶಂಟ್‌ನ ಬ್ಯಾಟರಿ ಕಡೆಯಿಂದ ಬಂದಿದ್ದು, ಥ್ರಾಟಲ್ ಅಥವಾ ಸ್ಪೀಡ್ ವೈರ್ ಮೂಲಕ ಕಂಟ್ರೋಲರಿನ ಗ್ರೌಂಡ್ ಕೂಡ ಅದನ್ನು ಮುಟ್ಟಿದರೆ, ಶಂಟ್‌ಗೆ ಪಕ್ಕದಲ್ಲೇ ಒಂದು ಕಳ್ಳದಾರಿ ಆಗುತ್ತದೆ. ಮಾಮೂಲಿ ದಿನಗಳಲ್ಲಿ ಅಳತೆ ಸ್ವಲ್ಪ ಕಡಿಮೆ ತೋರಿಸುತ್ತದೆ, ಅಷ್ಟೇ. ಶಂಟ್‌ನ ದೊಡ್ಡ ಬೋಲ್ಟ್ ಸಡಿಲವಾದ ದಿನ ಮಾತ್ರ ಮೋಟರಿನ ಇಡೀ ಕರೆಂಟ್ ಆ ಕೂದಲಿನಂಥ ವೈರಿನಲ್ಲಿ ಹರಿದು ಅದು ಕರಗಿಹೋಗುತ್ತದೆ. ಬೋಲ್ಟ್‌ಗಳಿಗೆ ಸ್ಪ್ರಿಂಗ್ ವಾಷರ್ ಹಾಕಿ, ಮೂರು ತಿಂಗಳಿಗೊಮ್ಮೆ ಬಿಗಿಯಿರಿ. ಬ್ಯಾಟರಿಯ ಪ್ಲಗ್ ಜೋಡಿಸುವಾಗ ಹಾರುವ ಕಿಡಿಗೆ ಎಕ್ಸ್‌ಟಿ90-ಎಸ್ ಕನೆಕ್ಟರ್ ಹಾಕಿದರೆ ಸಾಕು, ಅದರೊಳಗಿನ ರೆಸಿಸ್ಟರ್ ಮೊದಲ ಕ್ಷಣದ ಕರೆಂಟನ್ನು ತಡೆಯುತ್ತದೆ.

ಸೊನ್ನೆ ಸರಿಹೊಂದಿಸುವುದನ್ನು ಬಿಡಬೇಡಿ. ಕಂಟ್ರೋಲರ್ ಆಫ್ ಇದ್ದಾಗಲೂ 0.1 ಆಂಪಿಯರ್ ತೋರಿಸುತ್ತಿದ್ದರೆ ಎರಡು ಗಂಟೆಯಲ್ಲಿ ಸುಮಾರು 10 ವಾಟ್-ಅವರ್ ಸುಳ್ಳು ಲೆಕ್ಕ ಕೂಡಿಕೊಳ್ಳುತ್ತದೆ.

ಇಷ್ಟು ಮಾಡಿದರೆ ಪವರ್ ಭಾಗ ಮುಗಿಯಿತು, ಮತ್ತೆ ಮುಟ್ಟುವ ಕೆಲಸವಿಲ್ಲ. ಸ್ಪೀಡ್ ಭಾಗ ಹಾಗಲ್ಲ.

ಗೇರ್ ಇಲ್ಲದ ಡೈರೆಕ್ಟ್ ಡ್ರೈವ್ ಮೋಟರ್ ಇರುವವರು ಭಾಗ್ಯವಂತರು. ಮೋಟರಿನೊಳಗೆ ಮ್ಯಾಗ್ನೆಟ್ ಹಾದುಹೋಗುವುದನ್ನು ಗುರುತಿಸುವ ಹಾಲ್ ಸೆನ್ಸರ್‌ಗಳಲ್ಲಿ ಒಂದರ ವೈರ್ ತೆಗೆದುಕೊಂಡರೆ ಸ್ಪೀಡ್ ಸಿಗುತ್ತದೆ. 46 ಮ್ಯಾಗ್ನೆಟ್ ಇರುವ ಹಬ್ ಆದರೆ ಚಕ್ರದ ಒಂದು ಸುತ್ತಿಗೆ 23 ಪಲ್ಸ್ ಬರುವುದರಿಂದ ನಡಿಗೆಯ ವೇಗದಲ್ಲೂ ಅಂಕಿ ತೊದಲುವುದಿಲ್ಲ. ಗೇರ್ ಹಬ್‌ನಲ್ಲಿ ಇದೇ ಉಪಾಯ ಮಾಡಿದರೆ ಥ್ರಾಟಲ್ ಬಿಟ್ಟ ತಕ್ಷಣ ಸ್ಪೀಡ್ ಸೊನ್ನೆಗೆ ಇಳಿಯುತ್ತದೆ, ಏಕೆಂದರೆ ಒಳಗಿನ ಕ್ಲಚ್ ಮೋಟರನ್ನು ಚಕ್ರದಿಂದ ಬಿಡಿಸಿಬಿಡುತ್ತದೆ. ಇಳಿಜಾರಿನಲ್ಲಿ ಓಡಿದ ದೂರವೆಲ್ಲ ನಾಪತ್ತೆ. ಕೆಲವು ಗೇರ್ ಹಬ್‌ಗಳಲ್ಲಿ ಚಕ್ರದ ವೇಗಕ್ಕೆಂದೇ ಬೇರೊಂದು ವೈರ್ ಬರುತ್ತದೆ. ಅದು ಇಲ್ಲದಿದ್ದರೆ ಸ್ಪೋಕ್‌ಗೆ ಮ್ಯಾಗ್ನೆಟ್, ಫ್ರೇಮ್‌ಗೆ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದಾಗ ತಾನೇ ಮುಚ್ಚಿಕೊಳ್ಳುವ ಸಣ್ಣ ಸ್ವಿಚ್), ಬೇರೆ ದಾರಿಯಿಲ್ಲ.

ಎರಡರ ನಡುವೆ 2ರಿಂದ 3 ಮಿಲಿಮೀಟರ್ ಅಂತರ ಇರಬೇಕು. ಜೋಡಿಸಿದ ದಿನ ಇರುತ್ತದೆ. ಹಿಂದಿನ ಚಕ್ರ ಪಂಕ್ಚರ್ ಆಗಿ ಬಿಚ್ಚಿ ಹಾಕಿದ ದಿನ ಆಕ್ಸಲ್ ಒಂದೆರಡು ಮಿಲಿಮೀಟರ್ ಆಚೀಚೆ ಕೂರುತ್ತದೆ, ಅಲ್ಲಿಗೆ ಕಥೆ ಕೆಟ್ಟಿತು. ಪೂರ್ತಿ ನಿಂತುಹೋದರೆ ಕಣ್ಣಿಗೆ ಬೀಳುತ್ತಿತ್ತು. ಕಷ್ಟವೆಂದರೆ ಅದು ಐದರಲ್ಲಿ ನಾಲ್ಕು ಸುತ್ತು ಎಣಿಸಿ ಒಂದನ್ನು ಬಿಡುತ್ತದೆ. 10 ಕಿಲೋಮೀಟರಿಗೆ 120 ವಾಟ್-ಅವರ್ ಖರ್ಚಾಗಿದ್ದರೂ ಮೀಟರ್ 8 ಕಿಲೋಮೀಟರ್ ಎಂದು ನಂಬಿ, 12ರ ಬದಲು 15 ತೋರಿಸುತ್ತದೆ. ಆಗ ನಾವು ಬ್ರೇಕ್ ಉಜ್ಜುತ್ತಿದೆಯೇ, ಟೈರ್‌ನಲ್ಲಿ ಗಾಳಿ ಕಡಿಮೆಯೇ, ಬೇರಿಂಗ್ ಸೋತಿತೇ ಎಂದು ಎಲ್ಲವನ್ನೂ ಬಿಚ್ಚಿ ನೋಡುತ್ತೇವೆ. ತಪ್ಪು ಎಲ್ಲೋ, ಹುಡುಕುವುದು ಇನ್ನೆಲ್ಲೋ. ಇಷ್ಟು ನಿಖರವಾದ ಮೀಟರಿನ ಜೊತೆ ಒಂದು ಸ್ಕ್ರೂನಲ್ಲಿ ನಿಲ್ಲುವ ಪ್ಲಾಸ್ಟಿಕ್ ಮ್ಯಾಗ್ನೆಟ್ ಕೊಡುವುದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಪರೀಕ್ಷೆ ಸುಲಭ. ರೀಡ್ ಸ್ವಿಚ್‌ನ ಪ್ಲಗ್ ಕಿತ್ತು, ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕೆ ತಿರುಗಿಸಿ ಎರಡು ಪಿನ್‌ಗೆ ಹಿಡಿಯಿರಿ. ಚಕ್ರ ಎತ್ತಿ ಹತ್ತು ಸುತ್ತು ನಿಧಾನವಾಗಿ ತಿರುಗಿಸಿ. ಹತ್ತು ಬೀಪ್ ಬರಬೇಕು. ಒಂದು ಸುತ್ತಿಗೆ ಎರಡು ಸಣ್ಣ ಬೀಪ್ ಕೇಳಿಸಿದರೆ ಮ್ಯಾಗ್ನೆಟ್‌ನ ಮುಖ ತಪ್ಪಿದೆ ಎಂದರ್ಥ. ಅದರ ಎರಡು ಧ್ರುವಗಳೂ ಒಂದಾದ ಮೇಲೊಂದು ಸ್ವಿಚ್ ಮುಚ್ಚುತ್ತಿವೆ, ಕಾಲು ಸುತ್ತು ತಿರುಗಿಸಿ ಕೂರಿಸಿ. ನಿಧಾನದಲ್ಲಿ ಸರಿಯಿದ್ದು ಜೋರಾಗಿ ಹೋದಾಗ ಮಾತ್ರ ತಪ್ಪಿದರೆ ಮ್ಯಾಗ್ನೆಟನ್ನು ರಿಮ್ ಕಡೆಯಿಂದ ಹಬ್ ಕಡೆಗೆ ಇಳಿಸಿ. 30 ಕಿಲೋಮೀಟರ್ ವೇಗದಲ್ಲಿ ಈ ಚಕ್ರ ಸೆಕೆಂಡಿಗೆ 4 ಸುತ್ತು ಹೊಡೆಯುತ್ತದೆ. ಹಬ್‌ಗೆ ಹತ್ತಿರವಿದ್ದಷ್ಟೂ ಮ್ಯಾಗ್ನೆಟ್ ಸ್ವಿಚ್ ಎದುರು ಹೆಚ್ಚು ಹೊತ್ತು ಇರುತ್ತದೆ. ಮೋಟರ್ ಕೇಬಲ್ ಮಾತ್ರ ಹತ್ತಿರ ಬರಬಾರದು.

ಸುತ್ತಳತೆಯನ್ನು ಪಟ್ಟಿಯಿಂದ ನಕಲು ಮಾಡಬೇಡಿ. 26 × 2.10 ಟೈರ್‌ಗೆ ಪಟ್ಟಿಗಳಲ್ಲಿ 2068 ಮಿಲಿಮೀಟರ್ ಇರುತ್ತದೆ. ನಮ್ಮ ಭಾರ, ನಾವು ತುಂಬುವ ಗಾಳಿ ಅದಕ್ಕೇನು ಗೊತ್ತು? ಟೈರ್‌ಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಮೇಲೆ ಕೂತು ಐದು ಸುತ್ತು ಉರುಳಿಸಿ, ಟೇಪ್ ಹಿಡಿದು ಐದರಿಂದ ಭಾಗಿಸಿ.

ಇಷ್ಟೆಲ್ಲ ಬೈದ ಮೇಲೂ ಮೀಟರ್ ಬಿಚ್ಚುವ ಮನಸ್ಸಿಲ್ಲ. ಬ್ಯಾಟರಿಯ ನಾಲ್ಕು ಗೀಟಿನ ಸೂಚಕ ಏರಿನಲ್ಲಿ ಎರಡಕ್ಕೆ ಬೀಳುತ್ತದೆ, ಸಮತಟ್ಟಿನಲ್ಲಿ ಮತ್ತೆ ಮೂರಕ್ಕೆ ಏರುತ್ತದೆ. ಅದನ್ನು ನಂಬಿ ದೂರ ಹೋಗುವುದು ಹೇಗೆ? ಬ್ಯಾಟರಿ ಪೂರ್ತಿ ಚಾರ್ಜ್ ಆದ ಬೆಳಿಗ್ಗೆ ಮೀಟರಿನಲ್ಲಿ ಸೊನ್ನೆ ಒತ್ತಿ ಹೊರಟರೆ, 480 ವಾಟ್-ಅವರ್ ಪ್ಯಾಕ್‌ನಲ್ಲಿ 300 ಖರ್ಚಾಯಿತು, ಕಿಲೋಮೀಟರಿಗೆ 12ರಂತೆ ಇನ್ನು 15 ಕಿಲೋಮೀಟರ್ ಎಂದು ದಾರಿಯಲ್ಲೇ ಲೆಕ್ಕ ಸಿಗುತ್ತದೆ. 25ರಿಂದ 32ಕ್ಕೆ ವೇಗ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಅದೂ ಅದೇ ಅಂಕಿಯಲ್ಲಿ ಕಣ್ಣೆದುರೇ ಕಾಣುತ್ತದೆ.

ಇನ್ನೂ ಇಷ್ಟವಾದದ್ದು ತಿಂಗಳಿಗೊಮ್ಮೆ ಮಾಡುವ ಒಂದು ಸಣ್ಣ ಕೆಲಸ. ಒಂದೇ ಏರಿನ ಬುಡದಲ್ಲಿ ನಿಂತು ವೋಲ್ಟೇಜ್ ನೋಡುವುದು, 52.0. ಥ್ರಾಟಲ್ ಪೂರ್ತಿ ತಿರುಗಿಸಿ 20 ಆಂಪಿಯರ್ ಎಳೆಯುವಾಗ ಮತ್ತೆ ನೋಡುವುದು, 49.0. ಮೂರು ವೋಲ್ಟ್ ಕುಸಿತವನ್ನು 20ರಿಂದ ಭಾಗಿಸಿದರೆ 0.15 ಓಮ್, ಇದೇ ಪ್ಯಾಕ್ ಮತ್ತು ವೈರಿಂಗ್‌ನ ಒಳಗಿನ ರೆಸಿಸ್ಟೆನ್ಸ್. ಆ ಹೊತ್ತಿನಲ್ಲಿ 60 ವಾಟ್ ಸುಮ್ಮನೆ ಬಿಸಿಯಾಗಿ ಹೋಗುತ್ತಿರುತ್ತದೆ. ಸೆಲ್ ಹಳೆಯದಾದಂತೆ ಈ ಅಂಕಿ ನಿಧಾನವಾಗಿ ಏರುತ್ತದೆ. ಒಂದೇ ತಿಂಗಳಲ್ಲಿ ಥಟ್ಟನೆ ಏರಿದರೆ ಬ್ಯಾಟರಿಯನ್ನು ದೂರುವ ಮೊದಲು ಕನೆಕ್ಟರ್ ಮುಟ್ಟಿ ನೋಡಿ, ಬಿಸಿಯಿದ್ದರೆ ಅಲ್ಲೇ ಇದೆ ತೊಂದರೆ. ಚಳಿಯಲ್ಲಿ ಸೆಲ್‌ಗಳ ರೆಸಿಸ್ಟೆನ್ಸ್ ಹೇಗೂ ಹೆಚ್ಚು, ಹಾಗಾಗಿ ಚಳಿಯ ಅಂಕಿಯನ್ನು ಚಳಿಯ ಅಂಕಿಗೇ ಹೋಲಿಸಿ. ಪ್ಯಾಕ್ ಬದಲಿಸುವ ಖರ್ಚಿನ ಮುಂದೆ ಮೀಟರಿನ ಬೆಲೆ ಏನೂ ಅಲ್ಲ. ಪ್ಯಾಕನ್ನು ಇನ್ನೊಂದು ವರ್ಷ ಎಳೆಯಬಹುದೇ ಎಂಬುದಕ್ಕೆ ಮೀಟರ್ ಕೊಡುವ ಈ ಉತ್ತರವೇ ನನಗೆ ಸಾಕು.

ಮಳೆಗೆ ಡಿಸ್‌ಪ್ಲೇ ತಡೆದುಕೊಂಡಿದೆ. ನೀರು ಒಳಗೆ ಹೋಗುವುದು ಮುಂಭಾಗದಿಂದಲ್ಲ, ವೈರ್ ಹಿಡಿದು ಇಳಿದು. ಪೆಟ್ಟಿಗೆಗೆ ಹೊಗುವ ಮುಂಚೆ ವೈರ್ ಒಮ್ಮೆ ಕೆಳಕ್ಕೆ ಜೋತು ಮತ್ತೆ ಮೇಲೇರುವಂತೆ ಕಟ್ಟಿ. ಶಂಟ್ ಮೇಲೆ ಒಳಗಡೆ ಗೋಂದು ಇರುವ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಎಳೆಯಿರಿ.

ಮ್ಯಾಗ್ನೆಟ್‌ಗೆ ಕೊನೆಗೂ ನಿಂತ ಉಪಾಯ: ಸ್ಪೋಕ್‌ಗೆ ಒಂದು ಸುತ್ತು ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಅದರ ಮೇಲೆ ಬಿಗಿಯುವುದು, ಮ್ಯಾಗ್ನೆಟ್‌ನ ಮೇಲಂಚು ಕೆಳಂಚು ಎರಡರಲ್ಲೂ ಸ್ಪೋಕ್ ಮೇಲೆ ಉಗುರು ಬಣ್ಣದ ಗೀಟು ಎಳೆಯುವುದು. ಜರುಗಿದರೆ ದೂರದಿಂದಲೇ ಕಾಣುತ್ತದೆ. ರೀಡ್ ಸ್ವಿಚ್ ಕಡೆ ಎರಡು ಕೇಬಲ್ ಟೈ, ಒಂದು ಸಾಲದು. ಪಂಕ್ಚರ್ ಹಾಕಿಸಿ ತಂದ ಪ್ರತಿ ಸಲ ಹತ್ತು ಸುತ್ತು, ಹತ್ತು ಬೀಪ್.