ಮ್ಯೂನಿಕ್‌ನಲ್ಲಿ ವಾರಾಂತ್ಯ, ಹಬ್ಬ: ರೈಲೋ ಕಾರೋ, ಸಭಾಂಗಣವೋ ಮನೆಯೋ

ಜುಲೈ ಬಂತೆಂದರೆ ಹಾಸನದಲ್ಲಿ ಜರ್ಮನಿಗೆ ಓದಲು ಹೊರಟವರ ಮನೆಗಳಲ್ಲಿ ಒಂದೇ ಗಡಿಬಿಡಿ. ವೀಸಾ, ಖರ್ಚಿನ ದುಡ್ಡು ಮೊದಲೇ ಇಟ್ಟು ತೋರಿಸಬೇಕಾದ ಬ್ಲಾಕ್ಡ್ ಅಕೌಂಟ್, ರೂಮು ಇವುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ, ಹೇಳುವವರೂ ಬೇಕಾದಷ್ಟು ಜನ ಇದ್ದಾರೆ. ಶನಿವಾರ, ಭಾನುವಾರ ಏನು ಮಾಡುವುದು, ಹಬ್ಬದ ದಿನ ಯಾರ ಜೊತೆ ಇರುವುದು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಮ್ಯೂನಿಕ್‌ನಲ್ಲಿ ಓದಿ, ಅಲ್ಲೇ ಕೆಲಸ ಮಾಡಿ, ಈಗ ಹಾಸನಕ್ಕೆ ವಾಪಸ್ ಬಂದಿರುವ ನಾನು ಗಟ್ಟಿಯಾಗಿ ಹೇಳುತ್ತೇನೆ, ಮೊದಲ ವರ್ಷ ಮನಸ್ಸು ಕುಸಿಯುವುದು ಆ ಎರಡು ದಿನಗಳಲ್ಲೇ. ವಾರವಿಡೀ ಕ್ಲಾಸು, ಲ್ಯಾಬು ಅಂತ ಹೊತ್ತು ಹೋಗುತ್ತದೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ನವೆಂಬರ್‌ನಲ್ಲಿ ಸಂಜೆ ಐದರೊಳಗೆ ಕತ್ತಲು, ರೂಮಿನಲ್ಲಿ ಒಬ್ಬರೇ.

ನಮ್ಮ ಕಡೆ ಗೆಳೆಯರ ಟ್ರಿಪ್ ಅಂದರೆ ಬೈಕು, ಇಲ್ಲವೇ ಯಾರದೋ ಮನೆಯ ಕಾರು. ಬಿಸಿಲೆ ಘಾಟಿ, ಮುಳ್ಳಯ್ಯನಗಿರಿ, ಶೆಟ್ಟಿಹಳ್ಳಿ ಎಲ್ಲಾ ನೋಡಿದ್ದು ಹಾಗೇ. ಅದೇ ಅಭ್ಯಾಸದಲ್ಲಿ ಅಲ್ಲಿಗೆ ಹೋದವರು ಮೊದಲು ಹುಡುಕುವುದು ಬಾಡಿಗೆ ಕಾರನ್ನು. ನಾನು ರೈಲು, ಕಾರು, ದೂರದ ಬಸ್ಸು ಮೂರರಲ್ಲೂ ಗೆಳೆಯರ ಜೊತೆ ಓಡಾಡಿದ್ದೇನೆ. ಖರ್ಚು, ಹೊತ್ತು ಎರಡನ್ನೂ ನೋಡಲೇಬೇಕು, ನಿಜ. ಆದರೆ ನಾನು ಇವನ್ನು ಅಳೆಯುವುದು ಒಂದೇ ಪ್ರಶ್ನೆಯಿಂದ: ಹೊಸದಾಗಿ ಬಂದು ಇನ್ನೂ ಯಾರ ಪರಿಚಯವೂ ಇಲ್ಲದ ಒಬ್ಬರು ಕೊನೇ ಗಳಿಗೆಯಲ್ಲಿ ‘ನಾನೂ ಬರ್ಲಾ?’ ಅಂದರೆ ‘ಬಾ’ ಅನ್ನಲು ಸಾಧ್ಯವಾ?

ರೈಲಿನಲ್ಲಿ ಯಾವಾಗಲೂ ಸಾಧ್ಯ. ಅದಕ್ಕೇ ನನ್ನ ಓಟು ರೈಲಿಗೆ.

ಇಲ್ಲಿ ರೈಲು ಅಂದರೆ ಬಿಳಿ ಬಣ್ಣದ ವೇಗದ ಐಸಿಇ ಅಲ್ಲ, ಊರೂರಿಗೆ ನಿಲ್ಲುವ ಪ್ರಾದೇಶಿಕ ರೈಲು. 2023ರ ಮೇ 1ರಂದು ಡಾಯ್ಚ್‌ಲಾಂಡ್ ಟಿಕೆಟ್ ಬಂದಾಗ ತಿಂಗಳಿಗೆ 49 ಯೂರೋ ಇತ್ತು. 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಅಷ್ಟು ಕೊಟ್ಟರೆ ಇಡೀ ದೇಶದ ಪ್ರಾದೇಶಿಕ ರೈಲು, ಮೆಟ್ರೋ, ಟ್ರಾಮ್, ಸಿಟಿ ಬಸ್ಸು ಎಲ್ಲದರಲ್ಲೂ ತಿಂಗಳಿಡೀ ಓಡಾಡಬಹುದು. ಐಸಿಇ, ಐಸಿ, ಇಸಿ ಅನ್ನುವ ದೂರದ ವೇಗದ ರೈಲುಗಳಿಗೆ ಮಾತ್ರ ನಡೆಯುವುದಿಲ್ಲ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ವಿದ್ಯಾರ್ಥಿಗಳಿಗೆ ಇದೇ ಟಿಕೆಟ್ ರಿಯಾಯಿತಿಯಲ್ಲಿ ಸಿಗುತ್ತದೆ. ಒಂದು ಮಾತು ನೆನಪಿರಲಿ, ಇದು ತಿಂಗಳ ಚಂದಾ. ಮುಂದಿನ ತಿಂಗಳು ಬೇಡವಾದರೆ ಈ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು, ಇಲ್ಲದಿದ್ದರೆ ಅದರದ್ದೂ ಖಾತೆಯಿಂದ ಹೋಗುತ್ತದೆ.

ಈ ಟಿಕೆಟ್ ಇಲ್ಲದವರು ಗುಂಪಿನಲ್ಲಿದ್ದರೆ ಬವೇರಿಯಾದೊಳಗೆ ಒಂದು ದಿನ ಓಡಾಡಲು ಬಾಯರ್ನ್ ಟಿಕೆಟ್ ಇದೆ. ಒಂದು ಟಿಕೆಟ್‌ನಲ್ಲಿ ಐದು ಜನರವರೆಗೆ ಹೋಗಬಹುದು, ತಲೆ ಹೆಚ್ಚಿದಷ್ಟೂ ತಲಾ ಖರ್ಚು ಇಳಿಯುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ, ಶನಿವಾರ ಭಾನುವಾರ ಮಧ್ಯರಾತ್ರಿಯಿಂದಲೇ ನಡೆಯುತ್ತದೆ. ಹೋಗುವವರ ಹೆಸರನ್ನೆಲ್ಲ ಅದರ ಮೇಲೆ ಬರೆಯಬೇಕು. ಈ ಎರಡೂ ಟಿಕೆಟ್‌ಗಳಲ್ಲಿ ಗಡಿ ದಾಟಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಸ್ಟೇಷನ್ನಿನವರೆಗೂ ಹೋಗಬಹುದು ಅನ್ನುವುದು ಸುಮಾರು ಜನಕ್ಕೆ ಗೊತ್ತೇ ಇರುವುದಿಲ್ಲ.

ಆಲ್ಪ್ಸ್ ಬೆಟ್ಟಗಳ ಬುಡದ ಗಾರ್ಮಿಶ್‌ಗೆ ಹೊರಟ ಒಂದು ಶನಿವಾರ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ರೈಲು ಇನ್ನೇನು ಹೊರಡಬೇಕು, ಅರಸೀಕೆರೆಯ ಹುಡುಗನೊಬ್ಬ ಫೋನ್ ಮಾಡಿದ. ಬಂದು ಇನ್ನೂ ವಾರ ಕಳೆದಿರಲಿಲ್ಲ ಅವನು. ‘ಅಣ್ಣಾ, ಜಾಗ ಇದ್ಯಾ? ನಾನೂ ಬರ್ಲಾ?’ ಅಂದ. ‘ಜಾಗ ಏನೋ ಕೇಳೋದು, ಪಾಸಿಂಗ್ ಸ್ಟೇಷನ್‌ಗೆ ಬಾ, ಹಿಂದಿನ ಬೋಗಿ ಹತ್ತು’ ಅಂದೆ. ಮುಂದೆ ಸಿಗುವ ಆ ಪಾಸಿಂಗ್ ಸ್ಟೇಷನ್ನಿನಲ್ಲಿ ಹತ್ತಿದ, ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರ್. ಎದುರುಬದುರು ಸೀಟಿನ ನಡುವಿನ ಪುಟ್ಟ ಮೇಜಿನ ಮೇಲೆ ಹುಬ್ಬಳ್ಳಿಯ ಗೆಳತಿ ಆಗಲೇ ಚಿತ್ರಾನ್ನದ ಡಬ್ಬಿ ಬಿಚ್ಚಿದ್ದಳು. ತಟ್ಟೆ ಸಾಲದೆ ಡಬ್ಬಿಯ ಮುಚ್ಚಳದಲ್ಲೇ ಅವನಿಗೆ ಹಾಕಿಕೊಟ್ಟಳು. ಕಡಲೆಬೀಜ ಆರಿಸಿ ಆರಿಸಿ ತಿನ್ನುತ್ತಾ, ಮಾತೇ ಇಲ್ಲದೆ ಕಿಟಕಿಯಾಚೆ ನೋಡುತ್ತಿದ್ದ. ಮುರ್ನೌ ದಾಟಿ ಬೆಟ್ಟಗಳು ಎದ್ದು ನಿಂತಾಗ ಶುರುವಾಯಿತು ನೋಡಿ ಅವನ ಮಾತು, ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು, ಅದರ 57 ಸುರಂಗ, ಅವನಮ್ಮ ಕಟ್ಟಿಕೊಡುತ್ತಿದ್ದ ಬುತ್ತಿ, ರಾತ್ರಿ ವಾಪಸ್ ಬರುವವರೆಗೂ ನಿಲ್ಲಲಿಲ್ಲ. ಆಮೇಲೆ ನಮ್ಮ ಗುಂಪಿನ ಟ್ರಿಪ್‌ಗಳನ್ನೆಲ್ಲ ಗೊತ್ತು ಮಾಡುತ್ತಿದ್ದವನೇ ಅವನು. ಅವತ್ತು ಐದು ಸೀಟಿನ ಕಾರಿನಲ್ಲಿ ಐದು ಜನ ಹೊರಟಿದ್ದರೆ ಅವನಿಗೆ ‘ಮುಂದಿನ ವಾರ ನೋಡೋಣ’ ಅನ್ನಬೇಕಾಗುತ್ತಿತ್ತು.

ರೈಲಿನ ತಾಪತ್ರಯಗಳನ್ನೂ ಹೇಳಬೇಕು. ವಾರಾಂತ್ಯದಲ್ಲೇ ಹಳಿ ರಿಪೇರಿ ಇಟ್ಟುಕೊಳ್ಳುತ್ತಾರೆ. ಅರ್ಧ ದಾರಿಯಲ್ಲಿ ಇಳಿಸಿ ಬದಲಿ ಬಸ್ಸಿಗೆ ಹತ್ತಿಸುತ್ತಾರೆ. ಬಿಸಿಲು ಬಂದ ಶನಿವಾರ ಬೆಟ್ಟದ ಕಡೆಯ ರೈಲುಗಳಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಇನ್ನೊಂದು, ಕೆಲವು ರೈಲು ನಡುದಾರಿಯಲ್ಲಿ ಬೇರೆಬೇರೆಯಾಗುತ್ತವೆ. ಮ್ಯೂನಿಕ್‌ನಿಂದ ದಕ್ಷಿಣಕ್ಕೆ ಹೋಗುವ ಒಂದೇ ರೈಲಿನಲ್ಲಿ ಬಾಯ್ರಿಶ್‌ಜೆಲ್‌ಗೆ ಹೋಗುವ ಭಾಗ ಹೋಲ್ಜ್‌ಕಿರ್ಶೆನ್‌ನಲ್ಲಿ ಕಳಚಿಕೊಳ್ಳುತ್ತದೆ, ಟೆಗರ್ನ್‌ಜೇ ಮತ್ತು ಲೆಂಗ್‌ಗ್ರೀಸ್ ಭಾಗಗಳು ಶಾಫ್ಟ್‌ಲಾಖ್‌ನಲ್ಲಿ. ಹತ್ತುವ ಮೊದಲು ಬೋಗಿಯ ಮೇಲಿನ ಬೋರ್ಡ್ ಓದಬೇಕು.

ಇನ್ನು ಕಾರು. ಕಾರು ಬೇಕೇ ಬೇಕಾದ ಜಾಗಗಳಿವೆ. ಇಟಲಿಯ ಡೊಲೊಮೈಟ್ಸ್ ಬೆಟ್ಟಗಳು, ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆ. 48 ಕಿಲೋಮೀಟರಿನ ಆ ರಸ್ತೆ ಚಳಿಗಾಲದಲ್ಲಿ ಹಿಮಕ್ಕೆ ಮುಚ್ಚಿರುತ್ತದೆ. ತಿರುವಿನಲ್ಲಿ ಬೇಕಾದಲ್ಲಿ ನಿಲ್ಲಿಸಿ ನೋಡುವ ಸುಖ ರೈಲಿನಲ್ಲಿ ಎಲ್ಲಿಂದ ಬರಬೇಕು? ಊರಿಂದ ಅಪ್ಪ ಅಮ್ಮ ಬಂದಾಗಲಂತೂ ನಾನು ಎರಡನೇ ಯೋಚನೆ ಮಾಡದೆ ಕಾರು ತೆಗೆದುಕೊಳ್ಳುತ್ತಿದ್ದೆ. ಮಂಡಿನೋವಿನ ಅಮ್ಮನನ್ನು ಪ್ಲಾಟ್‌ಫಾರ್ಮಿನಿಂದ ಪ್ಲಾಟ್‌ಫಾರ್ಮಿಗೆ ಓಡಿಸಲಿಕ್ಕಾಗುತ್ತದೆಯೇ? ಫ್ಲಾಸ್ಕಿನಲ್ಲಿ ಕಾಫಿ, ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಇಬ್ಬರೂ, ಅವರಿಗೆ ಬೇಕೆಂದ ಕಡೆ ನಿಲ್ಲುವುದು. ಅದು ಕಾರಿಗೇ ಸೈ.

ಗೆಳೆಯರ ಗುಂಪಿಗೆ ಬಂದರೆ ಲೆಕ್ಕ ಬೇರೆ. ನಮ್ಮ ಲೈಸೆನ್ಸ್ ಅಲ್ಲಿ ನೆಲೆಸಿದ ಮೊದಲ ಆರು ತಿಂಗಳಷ್ಟೇ ನಡೆಯುತ್ತದೆ, ಆಮೇಲೆ ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಅಲ್ಲೇ ಪಾಸು ಮಾಡಬೇಕು. ಹಾಗಾಗಿ ಗುಂಪಿನಲ್ಲಿ ಓಡಿಸುವವನು ಒಬ್ಬನೇ ಇರುತ್ತಾನೆ, ಎಲ್ಲರೂ ಬೆಟ್ಟ ನೋಡಿದರೆ ಅವನು ರಸ್ತೆ ನೋಡುತ್ತಾನೆ. ಆಸ್ಟ್ರಿಯಾದ ಹೆದ್ದಾರಿ ಹತ್ತುವ ಮೊದಲು ವಿನ್ಯೆಟ್ ಅನ್ನುವ ರಸ್ತೆ ಶುಲ್ಕದ ಚೀಟಿ ಬೇಕು, ಹಿಮ ಬಿದ್ದ ರಸ್ತೆಗೆ ಚಳಿಗಾಲದ ಟೈರು ಬೇಕು, ವಯಸ್ಸು ಕಡಿಮೆ ಇದ್ದರೆ ಬಾಡಿಗೆಗೆ ಹೆಚ್ಚುವರಿ ದುಡ್ಡು. ಒಮ್ಮೆ ಕಾರು ವಾಪಸ್ ಕೊಟ್ಟ ಮೇಲೆ ಬಾಗಿಲ ಮೇಲಿನ ಕೂದಲೆಳೆಯಷ್ಟು ಗೀರಿಗೆ ನಮ್ಮ ಠೇವಣಿಯಲ್ಲಿ ದೊಡ್ಡ ಮೊತ್ತ ಹಿಡಿದುಕೊಂಡರು. ಐದು ಜನ ಹಂಚಿಕೊಂಡರೂ ಓದುವ ಹುಡುಗರಿಗೆ ಅದು ತಿಂಗಳ ದಿನಸಿಯ ದುಡ್ಡು. ಪೂರ್ತಿ ವಿಮೆ ಇಲ್ಲದೆ ಕಾರು ತೆಗೆಯಬೇಡಿ, ತೆಗೆದ ಕೂಡಲೇ ನಾಲ್ಕೂ ಕಡೆಯಿಂದ ವಿಡಿಯೋ ಮಾಡಿಟ್ಟುಕೊಳ್ಳಿ.

ದೂರದ ಬಸ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಾಗ್, ವಿಯೆನ್ನಾ, ಜೂರಿಕ್‌ಗೆ ಅಗ್ಗ, ಮೊದಲೇ ಬುಕ್ ಮಾಡಿದರೆ ಇನ್ನೂ ಅಗ್ಗ. ಆದರೆ ಸೀಟು ಒಂದೊಂದು ಮೂಲೆಗೆ, ಊಟ ಹಂಚಿಕೊಳ್ಳಲಿಕ್ಕಾಗದು, ಇಳಿದಾಗ ಬೆನ್ನು ನಮ್ಮದಲ್ಲ. 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲಾ ನೆಲಗಡಿಗಳಲ್ಲೂ ತಪಾಸಣೆ ಶುರುಮಾಡಿದೆ. ಬಸ್ಸಾಗಲಿ ರೈಲಾಗಲಿ, ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ಕಾರ್ಡ್ ಎರಡೂ ಜೇಬಿನಲ್ಲಿರಬೇಕು.

ಕ್ರಿಸ್‌ಮಸ್ ಸಂತೆಗಳಿಗೆ ಮಾತ್ರ ಬೇರೆ ಮಾತೇ ಇಲ್ಲ, ರೈಲು. ನ್ಯೂರೆಂಬರ್ಗ್‌ನ ಸಂತೆ ಡಿಸೆಂಬರ್ 24ರವರೆಗೆ ಇರುತ್ತದೆ. ಡ್ರೆಸ್ಡೆನ್‌ನದು 1434ರಿಂದ ನಡೆದುಬಂದದ್ದು, ಆದರೆ ಮ್ಯೂನಿಕ್‌ನಿಂದ ದೂರ. ನ್ಯೂರೆಂಬರ್ಗ್‌ಗೆ ಇಂಗೊಲ್‌ಷ್ಟಾಟ್ ಮೇಲೆ ಹೋಗುವ ಪ್ರಾದೇಶಿಕ ರೈಲು ವೇಗದ ಹಳಿಯಲ್ಲೇ ಓಡುತ್ತದೆ, ಎರಡು ಗಂಟೆಯೊಳಗೆ ಊರು. ಕೈಯಲ್ಲಿ ಗ್ಲೂವೈನ್ ಅನ್ನುವ ಬಿಸಿ ಮಸಾಲೆ ವೈನ್ ಹಿಡಿದವನು ಕಾರು ಮುಟ್ಟುವಂತಿಲ್ಲ. 21 ತುಂಬದವರಿಗೆ ಮತ್ತು ಹೊಸ ಲೈಸೆನ್ಸಿನ ಮೊದಲ ಎರಡು ವರ್ಷ ಒಂದು ಹನಿಯೂ ಕುಡಿದು ಓಡಿಸುವಂತಿಲ್ಲ ಎಂಬ ಕಾನೂನಿದೆ. ಕುಡಿಯದವರಿಗೆ ಮದ್ಯವಿಲ್ಲದ ಕಿಂಡರ್‌ಪುನ್ಶ್ ಇದೆ, ದಾಲ್ಚಿನ್ನಿ, ಲವಂಗದ ಅದೇ ಪರಿಮಳ. ಪಿಂಗಾಣಿ ಮಗ್ಗಿಗೆ ಠೇವಣಿ ಹಿಡಿಯುತ್ತಾರೆ, ವಾಪಸ್ ಕೊಟ್ಟರೆ ದುಡ್ಡು ಮರಳುತ್ತದೆ, ಇಷ್ಟವಾದರೆ ಮಗ್ಗೇ ನಮ್ಮದು.

ಹಬ್ಬದ ವಿಷಯಕ್ಕೆ ಬರುತ್ತೇನೆ. ಅಲ್ಲಿ ಹಬ್ಬ ಮಾಡಲು ಎರಡು ದಾರಿ. ಕನ್ನಡದವರೆಲ್ಲ ಸೇರಿ ಹಾಲ್ ಬಾಡಿಗೆಗೆ ಹಿಡಿಯುವುದು ಒಂದು, ಗೆಳೆಯರು ಯಾರದಾದರೂ ಮನೆಯಲ್ಲಿ ಸೇರುವುದು ಇನ್ನೊಂದು. ಗಣೇಶನಿಗೂ ರಾಜ್ಯೋತ್ಸವಕ್ಕೂ ಹಾಲೇ ಸರಿ. ಅಲ್ಲೇ ಹುಟ್ಟಿದ ಮಕ್ಕಳು ವೇದಿಕೆ ಹತ್ತಿ ಕನ್ನಡದಲ್ಲಿ ನಾಲ್ಕು ಸಾಲು ಹೇಳುವುದನ್ನು ಕೇಳಿದರೆ ಗಂಟಲು ಕಟ್ಟುತ್ತದೆ. ಅದು ಮನೆಯಲ್ಲಿ ಆಗುವ ಕೆಲಸವಲ್ಲ. ನವೆಂಬರ್ 1 ಬವೇರಿಯಾದಲ್ಲಿ ಸರಕಾರಿ ರಜೆಯೂ ಹೌದು, ಅವತ್ತು ಕ್ರೈಸ್ತರ ಸರ್ವ ಸಂತರ ದಿನ. ಆದರೆ ಕಾನೂನಿನ ಪ್ರಕಾರ ಅದು ‘ಮೌನದ ದಿನ’, ಸಾರ್ವಜನಿಕವಾಗಿ ಕುಣಿತ, ಮನರಂಜನೆಗೆ ನಿರ್ಬಂಧ ಇದೆ. ಹಾಗಾಗಿ ರಜೆ ಇದ್ದರೂ ಡೊಳ್ಳು, ಹಾಡಿನ ಕಾರ್ಯಕ್ರಮವನ್ನು ಮುಂದಿನ ಯಾವುದಾದರೂ ಶನಿವಾರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಯುಗಾದಿ, ದೀಪಾವಳಿಗೆ ನನ್ನ ಆಯ್ಕೆ ಮನೆ. ಹಾಲ್‌ನಲ್ಲಿ ಊಟ ಬಡಿಸಿಸಿಕೊಂಡು ಬರುತ್ತೇವೆ, ಮನೆಯಲ್ಲಾದರೆ ಹಬ್ಬವನ್ನು ನಾವೇ ಮಾಡುತ್ತೇವೆ. ಒಬ್ಬಟ್ಟಿಗೆ ಮೈದಾ ಹುಡುಕಬೇಡಿ, ಸೂಪರ್ ಮಾರ್ಕೆಟ್ಟಿನ 405 ನಂಬರಿನ ಗೋಧಿ ಹಿಟ್ಟು ತನ್ನಿ. ಕಣಕ ಚೆನ್ನಾಗಿ ನಾದಿ, ಎಣ್ಣೆಯಲ್ಲಿ ಎರಡು ಗಂಟೆ ನೆನೆಯಲು ಬಿಟ್ಟರೆ ಊರಿನಷ್ಟೇ ತೆಳ್ಳಗೆ ತಟ್ಟಬಹುದು. ದೀಪಾವಳಿಗೆ ಪಟಾಕಿ ಇಲ್ಲ. ಆ ದೇಶದಲ್ಲಿ ಪಟಾಕಿ ಹೊಡೆಯಲು ಬಿಡುವುದು ಡಿಸೆಂಬರ್ 31 ಮತ್ತು ಜನವರಿ 1 ಮಾತ್ರ. ರಾತ್ರಿ ಹತ್ತರ ಮೇಲೆ ಜೋರು ಮಾತಿಗೂ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಬೆಳಿಗ್ಗೆಯೇ ಎರಡು ಒಬ್ಬಟ್ಟು ಅವರಿಗೆ ಕೊಟ್ಟು, ಇವತ್ತು ನಮ್ಮ ಹಬ್ಬ ಅಂತ ಹೇಳಿಬಂದರೆ ಆ ತೊಂದರೆಯೂ ಇರುವುದಿಲ್ಲ.

ಎಲ್ಲಕ್ಕಿಂತ ಮನೆ ಬೇಕಾಗುವುದು ಡಿಸೆಂಬರ್ 24ರ ಸಂಜೆ. ಅದು ನಮ್ಮ ಹಬ್ಬ ಅಲ್ಲದಿರಬಹುದು, ಆದರೆ ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳು ಮುಚ್ಚಿ, ಬೀದಿಯಲ್ಲಿ ನರಪಿಳ್ಳೆ ಇಲ್ಲದಂತಾಗುತ್ತದೆ. 25, 26 ಎರಡೂ ದಿನ ರಜೆ. ಅಲ್ಲಿಯವರೆಲ್ಲ ಅವರವರ ಮನೆಯವರ ಜೊತೆ. ಹಾಸ್ಟೆಲಿನಲ್ಲಿ ಉಳಿಯುವವರು ನಮ್ಮ ಹುಡುಗರು. ಹಾಸನದಲ್ಲಿ ಅದು ಸೊಗಡವರೆಯ ಕಾಲ, ಮನೆಯವರೆಲ್ಲ ಕೂತು ಹಿತಕಿದ ಬೇಳೆ ಬಿಡಿಸುವ ಹೊತ್ತು. ಅಲ್ಲಿ ಸಿಗುವುದು ಇಂಡಿಯನ್ ಅಂಗಡಿಯ ಫ್ರಿಜ್ಜಿನಲ್ಲಿರುವ ಸುರ್ತಿ ಲಿಲ್ವಾ ಅನ್ನುವ ಅವರೆಕಾಳಿನ ಪ್ಯಾಕೆಟ್. ಬಿಸಿನೀರಿನಲ್ಲಿ ನೆನೆಹಾಕಿ ಒಂದೊಂದಾಗಿ ಹಿತುಕಿದರೆ ಸಿಪ್ಪೆ ಬಿಡುತ್ತದೆ. ಸೊಗಡು ಇರುವುದಿಲ್ಲ, ಆದರೂ ಸಾರು ಸಾರೇ. ನಾವು 23ರೊಳಗೆ ಸಾಮಾನು ತಂದು, ಗೊತ್ತಿದ್ದವರಿಗೆಲ್ಲ ‘ರೂಮಲ್ಲಿ ಯಾರೂ ಒಬ್ಬರೇ ಇರಬೇಡಿ, ಬನ್ನಿ’ ಅಂತ ಹೇಳುತ್ತಿದ್ದೆವು. ಕನ್ನಡದವರ ಜೊತೆ ಒಬ್ಬ ಕೇರಳದವನು, ಒಬ್ಬಳು ಇರಾನಿನವಳು ಬಂದರು. ಸುತ್ತ ಕೂತು ಎಲ್ಲರೂ ಬೇಳೆ ಹಿತುಕಿದೆವು. ಮುದ್ದೆಯನ್ನು ಅಗಿಯದೆ ನುಂಗುವುದು ಹೇಗೆ ಅಂತ ಅರಸೀಕೆರೆಯವನು ಅವಳಿಗೆ ಹೇಳಿಕೊಟ್ಟ.

ಕೊನೆಗೆ, ಅಲ್ಲೇ ಇರುವುದೋ ಊರಿಗೆ ಬರುವುದೋ? ಮೊದಲ ವರ್ಷ ಡಿಸೆಂಬರ್‌ನಲ್ಲಿ ಊರಿಗೆ ಬರಬೇಡಿ ಅನ್ನುವುದು ನನ್ನ ಸಲಹೆ. ವಿಮಾನದ ದರ ವರ್ಷದಲ್ಲೇ ಹೆಚ್ಚಿರುತ್ತದೆ, ಗೆಳೆತನ ಗಟ್ಟಿಯಾಗುವುದೂ ಆ ರಜೆಯಲ್ಲೇ. ಕೆಲಸ ಸಿಕ್ಕ ಮೇಲೆ ಬರಲು ಸರಿಯಾದ ಹೊತ್ತು ಹಾಸನಾಂಬೆಯ ಬಾಗಿಲು ತೆರೆದಾಗ. ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆಯುತ್ತದೆ, ಬಲಿಪಾಡ್ಯಮಿಯ ಹೊತ್ತಿಗೆ ಮುಚ್ಚುತ್ತದೆ. ಓದುವವರಿಗೆ ಅಕ್ಟೋಬರ್‌ನಲ್ಲಿ ಸೆಮಿಸ್ಟರ್ ಶುರುವಾಗಿರುವುದರಿಂದ ಆಗದ ಮಾತು. ಕೆಲಸದವರಿಗೆ ವಾರಕ್ಕೆ ಐದು ದಿನದ ಲೆಕ್ಕದಲ್ಲಿ ವರ್ಷಕ್ಕೆ ಕನಿಷ್ಠ 20 ದಿನ ರಜೆ ಕಾನೂನಿನಲ್ಲೇ ಇದೆ, ಸುಮಾರು ಕಂಪನಿಗಳು ಅದಕ್ಕಿಂತ ಹೆಚ್ಚೇ ಕೊಡುತ್ತವೆ. ಬವೇರಿಯಾದ ಶಾಲೆಗಳಿಗೆ ನವೆಂಬರ್ 1ರ ಆಸುಪಾಸಿನಲ್ಲಿ ರಜೆ ಇರುವುದರಿಂದ ಮಕ್ಕಳಿರುವ ಸಹೋದ್ಯೋಗಿಗಳು ಅದೇ ಹೊತ್ತಿಗೆ ರಜೆ ಕೇಳುತ್ತಾರೆ. ಪಂಚಾಂಗ ನೋಡಿ, ಜನವರಿಯಲ್ಲೇ ನಿಮ್ಮ ರಜೆಯನ್ನು ಬರೆಸಿಬಿಡಿ.