ಹರಾರೆಯ ಈಸ್ಟ್‌ಗೇಟ್ ಸೆಂಟರ್: ಹುತ್ತವನ್ನು ನೋಡಿ ಕಟ್ಟಿದ ಮಳಿಗೆ ಸಂಕೀರ್ಣ

ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ 1996ರಲ್ಲಿ ತೆರೆದ ಈಸ್ಟ್‌ಗೇಟ್ ಸೆಂಟರ್, ಅಂಗಡಿಗಳಿಗಿಂತ ತನ್ನ ನೆಲ ಮತ್ತು ಗೋಡೆಗಳಿಗಾಗಿಯೇ ನೋಡಬೇಕಾದ ಸಂಕೀರ್ಣ. ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಅವರು ಗೆದ್ದಲು ಹುತ್ತದಿಂದ ಪ್ರೇರಣೆ ಪಡೆದು, ಅರೂಪ್ ಸಂಸ್ಥೆಯ ಎಂಜಿನಿಯರುಗಳ ಜೊತೆಗೂಡಿ, ವಾಡಿಕೆಯ ಹವಾನಿಯಂತ್ರಣ ವ್ಯವಸ್ಥೆಯಿಲ್ಲದೆ ಇದನ್ನು ರೂಪಿಸಿದರು. ರಾತ್ರಿ ಫ್ಯಾನುಗಳು ತಂಪು ಗಾಳಿಯನ್ನು ನೆಲದಡಿಯ ಟೊಳ್ಳುಗಳಲ್ಲಿ ಹಾಯಿಸಿ ಕಾಂಕ್ರೀಟನ್ನು ತಣಿಸುತ್ತವೆ. ಹಗಲಿನಲ್ಲಿ ಅದೇ ಕಾಂಕ್ರೀಟು ಒಳಬರುವ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ, ಜನರಿಂದಲೂ ಯಂತ್ರಗಳಿಂದಲೂ ಕಾವೇರಿದ ಗಾಳಿಯು ಮೇಲೇರಿ ಚಾವಣಿಯ ಚಿಮಣಿಗಳಿಂದ ಹೊರಹೋಗುತ್ತದೆ. ಕಿಟಕಿಗಳನ್ನು ಚಿಕ್ಕದಾಗಿಸಿ, ಹೊರಚಾಚುಗಳಿಂದ ಅವುಗಳಿಗೆ ನೆರಳು ಒದಗಿಸಿರುವುದು ನನಗೆ ಅತ್ಯಂತ ಮೆಚ್ಚುಗೆಯಾದ ವಿವೇಕ. ಮೈತುಂಬ ಗಾಜು ಹೊದ್ದು ಬಿಸಿಲಿಗೆ ನಿಂತ ಬೆಂಗಳೂರಿನ ಕಚೇರಿಗಳನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಹುತ್ತದೊಳಗೆ ಗಾಳಿ ಹೀಗೆಯೇ ಹರಿಯುತ್ತದೆ ಎಂಬ ಆಗಿನ ತಿಳಿವಳಿಕೆಯನ್ನು ನಂತರದ ಸಂಶೋಧನೆಗಳು ಪ್ರಶ್ನಿಸಿವೆ. ಅದರಿಂದ ಕಟ್ಟಡದ ಗುಣವೇನೂ ಕುಂದುವುದಿಲ್ಲ. ನನ್ನ ನಿಜವಾದ ಆಕ್ಷೇಪ ಇದನ್ನು ಎಲ್ಲೆಡೆಗೂ ಮಾದರಿಯೆಂದು ಹೊಗಳುವವರ ಬಗ್ಗೆ: ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ಹರಾರೆಯಲ್ಲಿ ರಾತ್ರಿ ಚೆನ್ನಾಗಿ ತಣಿಯುವುದರಿಂದಲೇ ಈ ಉಪಾಯ ಫಲಿಸಿದೆ, ಇರುಳಿನಲ್ಲೂ ಸೆಕೆ ಬಿಡದ ಮಂಗಳೂರಿನಲ್ಲಿ ಇದನ್ನೇ ನಕಲು ಮಾಡಿದರೆ ಕಾಂಕ್ರೀಟು ತಣಿಯಲಾರದು.