ಜರ್ಮನಿಯಲ್ಲಿ ಎಂ.ಎಸ್.: ‘ಉಚಿತ’ ಕನ್ಸಲ್ಟೆನ್ಸಿಗಳು ಕೊಡುವ ಕಾಲೇಜು ಪಟ್ಟಿಯನ್ನು ಎಷ್ಟು ನಂಬಬಹುದು?

ವಿದ್ಯಾರ್ಥಿಯಿಂದ ಒಂದು ರೂಪಾಯಿಯನ್ನೂ ಕೇಳದ ವಿದೇಶಿ ಶಿಕ್ಷಣ ಕನ್ಸಲ್ಟೆನ್ಸಿಗಳಿಗೆ ದುಡ್ಡು ಬರುವುದು ಕಾಲೇಜುಗಳಿಂದ. ವಿದ್ಯಾರ್ಥಿ ಫೀಸು ಕಟ್ಟಿದ ಮೇಲೆ ಅದರಲ್ಲೊಂದು ಪಾಲು ಕಮಿಷನ್. ಬ್ರಿಟನ್‌, ಆಸ್ಟ್ರೇಲಿಯಾಕ್ಕೆ ಹೊರಟವರಿಗೆ ಈ ಸೇವೆ ತಕ್ಕಮಟ್ಟಿಗೆ ನಡೆಯುತ್ತದೆ. ಜರ್ಮನಿಯ ವಿಷಯದಲ್ಲಿ ಮಾತ್ರ ಈ ಸೇವೆಗೆ ನಾನು ಕೊಡುವುದು ಐದಕ್ಕೆ ಎರಡು ಅಂಕ, ಅದೂ ವೀಸಾ ಕಾಗದಪತ್ರ ಜೋಡಿಸಿಕೊಡುವುದಕ್ಕೆ.

ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಫೀಸಿಲ್ಲದ ಕಡೆ ಕಮಿಷನ್ ಎಲ್ಲಿಂದ ಬರಬೇಕು? ಹಾಗಾಗಿ ಅವರು ಕೊಡುವ ಪಟ್ಟಿಯ ಮೇಲ್ಭಾಗದಲ್ಲಿ ಖಾಸಗಿ ಕಾಲೇಜುಗಳು ಬಂದು ಕೂರುತ್ತವೆ. ‘ನಿಮ್ಮ ಸಿಜಿಪಿಎಗೆ ಸರ್ಕಾರಿ ಸೀಟು ಕಷ್ಟ’ ಎಂದರೆ ನೀವೇ ಲೆಕ್ಕ ಹಾಕಿ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಗರಿಷ್ಠ ಮತ್ತು ತೇರ್ಗಡೆ ಅಂಕಗಳ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಗರಿಷ್ಠ 10, ತೇರ್ಗಡೆ 4 ಇದ್ದರೆ 7.5 ಸಿಜಿಪಿಎ ಜರ್ಮನ್ ಲೆಕ್ಕದಲ್ಲಿ 2.25. ಅನೇಕ ಕೋರ್ಸುಗಳು ಕೇಳುವುದು 2.5 ಅಥವಾ ಅದಕ್ಕಿಂತ ಉತ್ತಮ ಗ್ರೇಡು. ಅಲ್ಲಿ ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು. ‘ಜರ್ಮನಿ ಪೂರ್ತಿ ಫ್ರೀ’ ಎನ್ನುವವರನ್ನೂ ನಂಬಬೇಡಿ: ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಶುಲ್ಕ ಶುರು ಮಾಡಿದೆ.

ನಿಜವಾದ ಪೆಟ್ಟು ಬೀಳುವುದು ತಡದಿಂದ. ನಿಮ್ಮ ಅಂಕಪಟ್ಟಿ, ಪದವಿ ಅಸಲಿ ಎಂದು ಜರ್ಮನಿಯ ಕಡೆಯಿಂದ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ವಾರಗಟ್ಟಲೆ ಬೇಕು. ಸರ್ಕಾರಿ ಕೋರ್ಸುಗಳ ಗಡುವು ಹಲವೆಡೆ ಜುಲೈ 15, ಕೆಲವಕ್ಕೆ ಮಾರ್ಚ್, ಮೇ ತಿಂಗಳಲ್ಲೇ ಮುಗಿಯುತ್ತದೆ. ನಿಮ್ಮ ಕಡತ ಕನ್ಸಲ್ಟೆಂಟ್ ಮೇಜಿನ ಮೇಲೇ ಕೂತರೆ ಕೊನೆಗೆ ಉಳಿಯುವುದು ತಡವಾಗಿ ಸೇರಿಸಿಕೊಳ್ಳುವ ಖಾಸಗಿ ಕಾಲೇಜೇ. ಕನ್ಸಲ್ಟೆಂಟ್ ತೆರೆದ ಇಮೇಲ್‌ನಿಂದ ಅರ್ಜಿ ಹೋದರೆ ಬಂದ ಉತ್ತರವೂ ನಿಮಗೆ ಕಾಣುವುದಿಲ್ಲ. ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ.

ಕನ್ಸಲ್ಟೆನ್ಸಿ ಇಲ್ಲದೆ ನೀವೇ ಅರ್ಜಿ ಹಾಕಬಹುದು. ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಾಡ್‌ನ (DAAD) ಕೋರ್ಸು ಪಟ್ಟಿ ಎಲ್ಲರಿಗೂ ಮುಕ್ತ. ಹಲವು ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಯ ಶುಲ್ಕ ಮೊದಲ ಅರ್ಜಿಗೆ 75, ಮುಂದಿನ ಪ್ರತಿಯೊಂದಕ್ಕೆ 30 ಯೂರೊ. ಕೆಲವು ವಿಶ್ವವಿದ್ಯಾಲಯಗಳಿಗೆ ಅವುಗಳ ಪೋರ್ಟಲ್‌ನಲ್ಲೇ ಸಲ್ಲಿಸಬಹುದು.

ಫೀಸು ತೆಗೆದುಕೊಳ್ಳುವ ಕನ್ಸಲ್ಟೆನ್ಸಿಯೂ ಕಮಿಷನ್ ಪಡೆಯಬಹುದು. ಪಟ್ಟಿಯ ಯಾವ್ಯಾವ ಕಾಲೇಜಿನಿಂದ ಹಣ ಬರುತ್ತದೆ ಎಂದು ಬರೆದುಕೊಡಲು ಕೇಳಿ. ಸಾಲ, ಆರೋಗ್ಯ ವಿಮೆ, ವೀಸಾಕ್ಕಾಗಿ ಒಂದು ವರ್ಷದ ಖರ್ಚಿನ 11,904 ಯೂರೊ ಮೊದಲೇ ಇಡಬೇಕಾದ ಬ್ಲಾಕ್ಡ್ ಅಕೌಂಟ್ ವಿಷಯದಲ್ಲೂ ಇದೇ ಪ್ರಶ್ನೆ ಕೇಳಿ. ಬಡ್ಡಿ ಮತ್ತು ಪ್ರೊಸೆಸಿಂಗ್ ಶುಲ್ಕವನ್ನು ಇನ್ನೆರಡು ಕಡೆ ವಿಚಾರಿಸಿದ ಮೇಲೆಯೇ ಸಹಿ ಹಾಕಿ.